ಅಂಜೂರದ ಮರಕ್ಕೆ ಒಯ್ದ ಕಿಟಕಿ

ನಮ್ಮ ಅಂಗಳದ ಅಂಜೂರದ ಮರ ನನ್ನ ಅತ್ತೆಯದು. ಬೆಟ್ಟದ ಇಳಿಜಾರಿನಲ್ಲಿರುವ ಹದಿನಾರು ಮರಗಳೂ ಒಂದು ಕಾಲಕ್ಕೆ ಅವರ ಕೈಯಲ್ಲೇ ಇದ್ದವು. ಮಂಡಿನೋವು ಹೆಚ್ಚಿದ ಮೇಲೆ ಅವು ನನ್ನ ಗಂಡ ಅಕ್ಲಿಯ ಪಾಲಿಗೆ ಬಂದವು. ಕಣ್ಣಿಗೆ ಪೊರೆ ಬಂದ ಮೇಲೆ ಹೊಲಿಗೆ ನಿಂತಿತು, ಬೇಳೆ ಆರಿಸುವ ಕೆಲಸ ನನಗೆ ಬಂತು. ಅಂಗಳದ ಮರವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಅಡುಗೆಮನೆಯ ಬಾಗಿಲಿಂದ ಅದಕ್ಕೆ ಹನ್ನೊಂದು ಹೆಜ್ಜೆ. ಅಷ್ಟು ದೂರವನ್ನು ಅವರು ಗೋಡೆ ಹಿಡಿಯದೆ ನಡೆಯುತ್ತಾರೆ.

ನನ್ನ ಕೈಗೆ ಕ್ಯಾಮೆರಾ ಬಂದದ್ದು ಕಡಲೆಯಿಂದ. ಚಳಿಗಾಲದಲ್ಲಿ ಒಂದು ದಿನ ಕಡಲೆ ಆರಿಸುತ್ತಿದ್ದಾಗ ಒಂದು ಕಾಳಿನಿಂದ ಹುಳವೊಂದು ಹೊರಗೆ ಬಂದು, ತಟ್ಟೆಯ ಅಂಚಿನಲ್ಲಿ ನಿಂತು ಮುಖ ತೊಳೆಯತೊಡಗಿತು. ಬೆಕ್ಕು ತೊಳೆಯುವ ಹಾಗೆ, ಎರಡೂ ಕೈಯಿಂದ. ನಾನು ಫೋನಿನಲ್ಲಿ ಚಿತ್ರ ತೆಗೆದೆ. ಬಂದದ್ದು ಒಂದು ಕಂದು ಮಚ್ಚೆ. ಇನ್ನೂ ಹತ್ತು ತೆಗೆದೆ, ಹತ್ತು ಮಚ್ಚೆಗಳಾದವು. ನನ್ನ ಮಗಳು ಸಿಲಿಯಾ ಅವನ್ನೆಲ್ಲ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮಲ್ಹಾಗೆ ತೋರಿಸಿ ನನ್ನ ಮಾನ ತೆಗೆದಳು. ಮಲ್ಹಾ ನಗಲಿಲ್ಲ. ಮರುವಾರ ತನ್ನ ಹಳೆಯ ಕ್ಯಾಮೆರಾವನ್ನೂ ಹತ್ತಿರದ ವಸ್ತುವನ್ನು ದೊಡ್ಡದಾಗಿ ತೋರಿಸುವ ಗಿಡ್ಡ ಲೆನ್ಸನ್ನೂ ಟವೆಲಿನಲ್ಲಿ ಸುತ್ತಿ ತಂದು, ನಮ್ಮ ಅಡುಗೆಮನೆಯ ಮೇಜಿನ ಮೇಲೆ ಇಟ್ಟಳು.

"ಬೇಸಿಗೆ ಮುಗಿಯೋವರೆಗೂ ಇಟ್ಕೊ, ಜಹುವಾ. ನನ್ನ ಹತ್ರ ಇದ್ರೆ ಧೂಳು ತಿನ್ನುತ್ತೆ."

"ನನಗೆ ಬರುತ್ತಾ?"

"ಮಗು ತೂಗಿದ್ದೀಯ ತಾನೇ? ಹಾಗೇ. ಈ ಉಂಗುರ ತಿರುಗಿಸ್ತಾ ಕೂರಬೇಡ. ಒಂದು ಕಡೆ ಇಟ್ಟುಬಿಡು. ಆಮೇಲೆ ನೀನೇ ಒಂದು ಕೂದಲೆಳೆಯಷ್ಟು ಹಿಂದೆ, ಒಂದು ಕೂದಲೆಳೆಯಷ್ಟು ಮುಂದೆ ತೂಗು. ಹುಳದ ಕಣ್ಣು ಚೊಕ್ಕ ಕಂಡ ಕ್ಷಣ ಒತ್ತು. ಕಣ್ಣು ಸರಿಯಾಗಿ ಬಂದ್ರೆ ಬಾಲ ಮಸುಕಾದ್ರೂ ಯಾರೂ ಕೇಳಲ್ಲ."

ಅತ್ತೆ ತಾವುಸ್ ಮೂಲೆಯಲ್ಲಿ ಕುಳಿತು ಕುಸ್ಕುಸ್‌ಗೆ ರವೆ ತಿರುವುತ್ತಿದ್ದರು. ತಲೆ ಎತ್ತದೆ ಹೇಳಿದರು: "ಕಡಲೇಲಿ ಹುಳ ಬಿದ್ರೆ ಕಡಲೆ ಬಿಸಿಲಿಗೆ ಹಾಕ್ತಾರೆ. ಫೋಟೋ ತೆಗೆಯೋರನ್ನ ನಾನು ಈಗಲೇ ನೋಡ್ತಿರೋದು."

ಹಾಗೆ ಕಲಿಕೆ ಶುರುವಾಯಿತು. ಹಿಟ್ಟು ಉಬ್ಬುವ ಹೊತ್ತು ನನ್ನ ತರಗತಿಯ ಹೊತ್ತು. ಒಂದು ಗಂಟೆ ಸಿಕ್ಕರೆ ಪುಣ್ಯ. ಮೊದಲ ತಿಂಗಳು ನಾನು ಕಲಿತದ್ದು ಉಸಿರು ಹಿಡಿಯುವುದನ್ನು. ಆ ಲೆನ್ಸಿನೊಳಗೆ ನನ್ನ ಉಸಿರೇ ಬಿರುಗಾಳಿ, ನನ್ನ ನಾಡಿಬಡಿತವೇ ಭೂಕಂಪ. ಎರಡನೇ ತಿಂಗಳು ಕಲಿತದ್ದು ಬೆಳಕನ್ನು. ಫ್ಲಾಶ್ ಹಾಕಿದರೆ ಜೀರುಂಡೆಯ ಬೆನ್ನು ತಿಕ್ಕಿದ ತಪ್ಪಲೆಯ ಹಾಗೆ ಹೊಳೆದು ಬೇರೇನೂ ಕಾಣುತ್ತಿರಲಿಲ್ಲ. ಒಂದು ದಿನ ರವೆಯ ರೇಷ್ಮೆ ಜರಡಿಯನ್ನು ಫ್ಲಾಶಿನ ಮುಂದೆ ಹಿಡಿದೆ. ಬೆಳಕು ಹಾಲಿನ ಹಾಗೆ ಇಳಿಯಿತು. ಇರುವೆಯ ಗಲ್ಲದ ಮೇಲಿನ ಕೂದಲನ್ನೂ ಎಣಿಸಬಹುದಿತ್ತು. ನಾನು ಕುಣಿಯುತ್ತಿರುವಾಗ ಅತ್ತೆ ಒಳಗಿನಿಂದ ಕೂಗಿದರು:

"ನನ್ನ ಜರಡಿ ಎಲ್ಲಿ?"

"ಇರುವೆಗೆ ನೆರಳು ಹಿಡಿದಿದೀನಿ, ಯೆಮ್ಮಾ."

"ಹಂಗಾದ್ರೆ ಇರುವೆ ಕೈಲೇ ಕುಸ್ಕುಸ್ ಮಾಡಿಸ್ಕೊಂಡು ತಿನ್ನು."

ಹೀಗೆ ಜೂನ್ ಬಂತು. ನಮ್ಮ ಬೆಟ್ಟದ ಕಡೆ ಜೂನ್ ಎಂದರೆ ದೊಕ್ಕಾರ್ ಕಟ್ಟುವ ತಿಂಗಳು. ದೊಕ್ಕಾರ್ ಅಂದರೆ ಗಂಡು ಅಂಜೂರದ ಕಾಯಿ. ಅದನ್ನು ಮೇಕೆಯೂ ಇಷ್ಟಪಟ್ಟು ತಿನ್ನುವುದಿಲ್ಲ, ಆದರೆ ಅದರ ಹೊಟ್ಟೆಯಲ್ಲಿ ಎಳ್ಳಿನಷ್ಟೂ ಇಲ್ಲದ ಕಪ್ಪು ಕಣಜಗಳು ಬೆಳೆಯುತ್ತವೆ. ಕಾಯಿಗಳನ್ನು ಹುಲ್ಲಿನ ಎಳೆಗೆ ಪೋಣಿಸಿ, ಸೂರ್ಯ ಹುಟ್ಟುವ ಮೊದಲು ಹೆಣ್ಣುಮರದ ಕೊಂಬೆಗೆ ತೂಗುಹಾಕಬೇಕು. ಬಿಸಿಲೇರುತ್ತಿದ್ದಂತೆ ಕಣಜಗಳು ಮೈತುಂಬ ಪರಾಗ ಮೆತ್ತಿಕೊಂಡು ಹೊರಬಂದು, ಎಳೆಯ ಅಂಜೂರಗಳ ಒಳಗೆ ನುಗ್ಗುತ್ತವೆ. ನುಗ್ಗಿದ ಕಾಯಿ ಹಣ್ಣಾಗುತ್ತದೆ. ನುಗ್ಗದ್ದು ಹಳದಿಯಾಗಿ ಉದುರುತ್ತದೆ. ಕಣಜದ ಆಯುಷ್ಯ ಒಂದು ದಿನ, ಹೆಚ್ಚೆಂದರೆ ಎರಡು.

ಈ ವರ್ಷ ಏಪ್ರಿಲಿನ ಆಲಿಕಲ್ಲು ನಮ್ಮ ಗಂಡುಮರವನ್ನು ಬೋಳು ಮಾಡಿತ್ತು. ಸಿಕ್ಕಿದ ದೊಕ್ಕಾರ್‌ಗಳನ್ನು ಅಕ್ಲಿ ಇಳಿಜಾರಿನ ಮರಗಳಿಗೆ ಒಯ್ದ. ಅಂಗಳದ ಮರಕ್ಕೆಂದು ಇಪ್ಪತ್ತೆರಡು ಕಾಯಿ ಉಳಿದವು. ಅತ್ತೆ ಸಂಜೆ ಹೊಸಿಲ ಮೇಲೆ ಕುಳಿತು ಒಂದೊಂದನ್ನೂ ಬೆರಳಿನಲ್ಲಿ ಒತ್ತಿ ನೋಡಿ, ತೊಟ್ಟು ತಡವಿ ಹುಲ್ಲೆಳೆಗೆ ಪೋಣಿಸಿದರು. ಕಣ್ಣಿನ ಸಹಾಯವಿಲ್ಲದೆ ಇಡೀ ಸರ ಮುಗಿಸಲು ಅವರಿಗೆ ಒಂದೂವರೆ ಗಂಟೆ ಹಿಡಿಯಿತು. ನಾನು ಕೈ ಹಾಕಲು ಹೋದರೆ ಮೊಣಕೈಯಿಂದ ತಳ್ಳಿದರು.

"ಕಟ್ಟೋಕೆ ಮಾತ್ರ ನೀನು ಬೇಕು. ನನಗೆ ಕುರ್ಚಿ ಹತ್ತೋಕಾಗಲ್ಲ. ಬೆಳಕು ಹರಿಯೋ ಮುಂಚೆ ಕಟ್ಟಿಬಿಡು, ತಿಳೀತಾ? ಬಿಸಿಲು ತಾಗಿದ್ರೆ ಎದ್ದುಬಿಡ್ತಾವೆ."

"ತಿಳೀತು, ಯೆಮ್ಮಾ."

ನನಗೆ ನಿಜವಾಗಿಯೂ ತಿಳಿದಿತ್ತು. ಅದಕ್ಕೇ ಈ ತಪ್ಪನ್ನು ಯಾರ ಮೇಲೂ ಹೊರಿಸುವಂತಿಲ್ಲ.

ಬೆಳಗ್ಗೆ ಎದ್ದಾಗ ಅಂಗಳದಲ್ಲಿ ಗಾಳಿ ಇತ್ತು. ಸರವನ್ನು ಬುಟ್ಟಿಯಿಂದ ಎತ್ತಿಕೊಂಡೆ. ಒಂದು ಕಾಯಿಯ ಬಾಯಲ್ಲಿ ಏನೋ ಮಿಸುಕಿತು. ಒಳಗಿನಿಂದ ಯಾರೋ ಬಾಗಿಲು ಕೊರೆಯುತ್ತಿದ್ದರು. ಈ ಗಾಳಿಯಲ್ಲಿ ಚಿತ್ರ ಆಗದ ಮಾತು. ಅಡುಗೆಮನೆಯ ಕಿಟಕಿಯ ಹತ್ತಿರ ಐದೇ ನಿಮಿಷ, ಒಂದೇ ಒಂದು ಕಣಜ, ಆಮೇಲೆ ಕಟ್ಟಿಬಿಡುತ್ತೇನೆ ಎಂದುಕೊಂಡೆ. ಸರವನ್ನು ಕಿಟಕಿಯ ಚಿಲಕಕ್ಕೆ ಸಿಕ್ಕಿಸಿ, ಮೊಣಕೈಯನ್ನು ಮೇಜಿಗೆ ಊರಿ, ತೂಗತೊಡಗಿದೆ.

ಮೊದಲು ಒಂದು ಮೀಸೆ ಬಂತು. ಆಮೇಲೆ ತಲೆ. ತಲೆ ಚಪ್ಪಟೆ, ಬೇಳೆ ಸಿಪ್ಪೆಯ ಹಾಗೆ. ಅರ್ಧ ಹೊರಬಂದು ಅಲ್ಲೇ ನಿಂತು ದಣಿವಾರಿಸಿಕೊಂಡಿತು. ನನ್ನ ಸಿಲಿಯಾ ಹುಟ್ಟುವಾಗ ಸೂಲಗಿತ್ತಿ "ಇನ್ನೇನು, ಇನ್ನೊಂದು ಸಲ" ಅಂದದ್ದು ನೆನಪಾಗಿ ನಾನೂ ಅದನ್ನೇ ಅಂದೆ. ಕಣಜ ಹೊರಬಂತು. ಮುದುರಿದ ರೆಕ್ಕೆಗಳನ್ನು ಒದ್ದೆ ಸೆರಗಿನ ಹಾಗೆ ಕೊಡವಿ ಬಿಡಿಸಿತು. ಕಪ್ಪು ಮೈಮೇಲೆ ಪರಾಗದ ಪುಡಿ, ಹಿಟ್ಟು ನಾದಿದವಳ ಮೊಣಕೈಯಂತೆ. ಒತ್ತಿದೆ. ಕಣ್ಣು ಚೊಕ್ಕ ಬಂತು! ಇನ್ನೊಂದು ಬಂತು, ಅದನ್ನೂ ತೆಗೆದೆ. ಮತ್ತೊಂದು. ಜರಡಿ ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ. ಹೊರಗೆ ಹೊತ್ತೇರಿದ್ದಾಗಲಿ, ಬಿಸಿಲು ಗಾಜಿನ ಮೇಲೆ ಬಿದ್ದದ್ದಾಗಲಿ ನನಗೆ ಗೊತ್ತಿಲ್ಲ. ಆ ಲೆನ್ಸಿನೊಳಗೆ ಗಡಿಯಾರ ಇರುವುದಿಲ್ಲ.

"ಅಮ್ಮಾ, ಕಿಟಕಿಗೆ ಏನಾಗಿದೆ?" ಹಿಂದಿನಿಂದ ಸಿಲಿಯಾ ಕೇಳಿದಳು.

ಕ್ಯಾಮೆರಾ ಇಳಿಸಿದೆ. ಕಿಟಕಿಯ ಗಾಜು ಕರಿಮೆಣಸಿನ ಪುಡಿ ಎರಚಿದ ಹಾಗಿತ್ತು, ಮತ್ತು ಆ ಪುಡಿ ನಡೆಯುತ್ತಿತ್ತು. ಸರದ ಕಾಯಿಗಳಿಗೆಲ್ಲ ಸಣ್ಣ ಸಣ್ಣ ತೂತು. ಇಪ್ಪತ್ತೆರಡರಲ್ಲಿ ಎರಡೋ ಮೂರೋ ಬಿಟ್ಟು ಉಳಿದವೆಲ್ಲ ಖಾಲಿ. ಅತ್ತೆಯ ಮರಕ್ಕೆ ಹೋಗಬೇಕಾದ ದಿಬ್ಬಣ ನನ್ನ ಅಡುಗೆಮನೆಯಲ್ಲಿ ಗಾಜಿಗೆ ತಲೆ ಬಡಿಯುತ್ತಿತ್ತು.

ಹಿತ್ತಲ ಗೋಡೆಯ ಹತ್ತಿರ ಓಡಿ ಪಕ್ಕದ ಮನೆಯ ಘನೀಮಾಳನ್ನು ಕೂಗಿದೆ.

"ಘನೀಮಾ, ದೊಕ್ಕಾರ್ ಇದೆಯಾ? ನಾಲ್ಕು ಸಾಕು!"

"ನಿನ್ನೆಯೇ ಮುಗೀತು ಕಣೇ. ಉಳಿದ ಎರಡನ್ನ ಮೇಕೆ ತಿಂತು, ತಿಂದು ಕೆಮ್ತಾ ಇದೆ. ಯಾಕೆ, ನಿಮ್ಮದೇನಾಯ್ತು?"

"ಏನಿಲ್ಲ."

"ಏನಿಲ್ಲದೋರು ಹಿಂಗೆ ಬಿಳಿಚ್ಕೊಳಲ್ಲ."

ಕೊಂಡು ತರೋಣವೆಂದರೆ ಸಂತೆ ಇನ್ನು ಐದು ದಿನಕ್ಕೆ. ಅಷ್ಟರಲ್ಲಿ ಎಳೆಯ ಕಾಯಿಗಳ ಬಾಯಿ ಬಿಗಿದುಕೊಳ್ಳುತ್ತದೆ. ಅತ್ತೆಗೆ ಹೇಳದೆ ದಾರಿಯಿರಲಿಲ್ಲ. ಅವರ ಕೋಣೆಗೆ ಹೋಗಿ, ಮಂಚದ ಅಂಚಿನಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಐದು ನಿಮಿಷ ಎಂದುಕೊಂಡದ್ದನ್ನೂ ಹೇಳಿದೆ. ಅತ್ತೆ ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ಗಂಟು ಹಾಕುವ ಕೈ ನಿಂತಿತು.

"ಒಂದೂವರೆ ಗಂಟೆ ಪೋಣಿಸಿದೆ," ಎಂದರು. ಅಷ್ಟೇ.

ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಗೋಡೆ ಹಿಡಿದು ಅಡುಗೆಮನೆಗೆ ಬಂದು, ಗಾಜಿನ ಮೇಲೆ ಅಂಗೈಯನ್ನು ಹಗುರವಾಗಿ ಇಟ್ಟರು. ಕಣಜಗಳು ಅವರ ಬೆರಳುಗಳ ಸಂದಿಯಲ್ಲಿ ಓಡಾಡಿದವು.

"ಕಚಗುಳಿ ಇಡ್ತಾವೆ. ಜೀವ ಇದೆ ಇನ್ನೂ. ಈ ಕಿಟಕಿ ಕೀಲಿಂದ ಎತ್ತಿದ್ರೆ ಬರುತ್ತಲ್ಲ?"

"ಯಾಕೆ, ಯೆಮ್ಮಾ?"

"ಅವನ್ನ ಹಿಡಿದು ಒಯ್ಯೋಕಾಗಲ್ಲ. ಕಿಟಕಿ ಒಯ್ಯಬಹುದು. ಸಿಲಿಯಾ, ನನ್ನ ಕರೀ ಶಾಲು ತಾ. ಕತ್ತಲಾದ್ರೆ ಅವು ಇದ್ದಲ್ಲೇ ಕೂತ್ಕೊಳ್ತಾವೆ. ಜಹುವಾ, ಶಾಲು ಗಾಜಿಗೆ ತಾಗಬಾರದು, ಚೌಕಟ್ಟಿಗೆ ಎಳೆದು ಕಟ್ಟು. ಅಳೋದು ಆಮೇಲೆ."

"ನಾನು ಅಳ್ತಿಲ್ಲ."

"ಮೂಗು ಸೋರ್ತಿದೆ, ಕೇಳಿಸ್ತಿದೆ."

ಶಾಲನ್ನು ಬಿಗಿದು ಕಟ್ಟಿ ಕಿಟಕಿಯ ಬಾಗಿಲನ್ನು ಕೀಲಿನಿಂದ ಮೇಲಕ್ಕೆತ್ತಿದೆವು. ಒಂದು ತುದಿ ನಾನು, ಇನ್ನೊಂದು ಸಿಲಿಯಾ. ಮುಂದೆ ಅತ್ತೆ, ಹನ್ನೊಂದು ಹೆಜ್ಜೆ, ಮದುವಣಗಿತ್ತಿಯನ್ನು ಕರೆತರುವ ಹಿರಿಯಳ ಹಾಗೆ. ಕವಲೊಡೆದ ಕೊಂಬೆಯ ನಡುವೆ ಕಿಟಕಿಯನ್ನು ನಿಲ್ಲಿಸಿ ಹಗ್ಗದಿಂದ ಕಟ್ಟಿ, ಖಾಲಿಯಾದ ಸರವನ್ನೂ ಪಕ್ಕದಲ್ಲಿ ತೂಗುಹಾಕಿ, ಶಾಲು ಬಿಚ್ಚಿದೆವು. ಕಣಜಗಳು ಸ್ವಲ್ಪ ಹೊತ್ತು ಸುಮ್ಮನಿದ್ದವು. ಆಮೇಲೆ ಹೊಗೆಯಂತೆ ಎದ್ದವು. ಕೆಲವು ಎಲೆಗಳ ಮೇಲೆ ಇಳಿದವು, ಕೆಲವನ್ನು ಗಾಳಿ ಗೋಡೆಯಾಚೆ ಎತ್ತಿಕೊಂಡು ಹೋಯಿತು.

ಗೋಡೆಯಾಚೆ ಘನೀಮಾ ನಿಂತಿದ್ದಳು.

"ಎಲ್ಲರೂ ಅಂಜೂರಕ್ಕೆ ದೊಕ್ಕಾರ್ ಕಟ್ತಾರೆ, ನೀವು ಕಿಟಕಿ ಕಟ್ಟಿದ್ದೀರಾ? ಮುಂದಿನ ವರ್ಷ ಬಾಗಿಲು ಕಟ್ಟಿ, ಹಣ್ಣು ದೊಡ್ಡದಾಗುತ್ತೆ."

ಸಂಜೆ ಮನೆಗೆ ಬಂದ ಅಕ್ಲಿ ಅಡುಗೆಮನೆಯ ತೆರೆದ ಕಂಡಿಯನ್ನೂ ಮರದ ಮೇಲಿನ ಕಿಟಕಿಯನ್ನೂ ನೋಡಿ, ಏನೂ ಕೇಳದೆ ಕೈ ತೊಳೆಯಲು ಹೋದ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವನು ಬಹಳಷ್ಟು ಕಲಿತಿದ್ದಾನೆ.

ಕಾಯಿ ಉದುರುತ್ತದೋ ಇಲ್ಲವೋ ತಿಳಿಯಲು ಎರಡು ಮೂರು ವಾರ ಬೇಕು. ಆ ದಿನಗಳನ್ನು ಹೇಗೆ ದೂಡುವುದು ಎಂದು ನನಗೆ ಚಿಂತೆಯಾಯಿತು. ಅತ್ತೆ ಕೋಪ ತೋರಿಸಲಿಲ್ಲ, ಆದರೆ ಮರದ ಹತ್ತಿರ ಹೋಗುವುದನ್ನು ನಿಲ್ಲಿಸಿದರು. ಬೆಳಗಿನ ಹನ್ನೊಂದು ಹೆಜ್ಜೆ ಇಲ್ಲ. ಹೊಸಿಲ ಒಳಗೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೊದಲ ದಿನ ನನ್ನನ್ನು "ಬ್ರೆಡ್ ಸೀದಿದೆ" ಎಂದಷ್ಟೇ ಮಾತನಾಡಿಸಿದರು. ಎರಡನೇ ದಿನ ಸೀದಿದ್ದರೂ ಹೇಳಲಿಲ್ಲ.

ನಾನು ಮಲ್ಹಾಗೆ ಫೋನ್ ಮಾಡಿದೆ.

"ಕಾಯಿ ಕತ್ತರಿಸಿ ನೋಡಲಾ?"

"ಕತ್ತರಿಸಿದ್ರೆ ಕಾಯಿ ಹೋಯ್ತು, ಹುಚ್ಚಿ. ಹೊರಗಿಂದಲೇ ಗೊತ್ತಾಗುತ್ತೆ. ಕಾಯಿಯ ಬಾಯಿ ಇದೆಯಲ್ಲ, ಅದು ಎಷ್ಟು ಇಕ್ಕಟ್ಟು ಅಂದ್ರೆ ಒಳಗೆ ನುಗ್ಗೋವಾಗ ಕಣಜದ ರೆಕ್ಕೆ ಕಿತ್ತು ಅಲ್ಲೇ ಸಿಕ್ಕಿಕೊಳ್ಳುತ್ತೆ. ಬಾಯಲ್ಲಿ ರೆಕ್ಕೆ ಕಂಡ್ರೆ ಒಳಗೆ ಹೋಗಿದೆ ಅಂತ ಅರ್ಥ. ಬರಿಗಣ್ಣಿಗೆ ಕಾಣೋದು ಕಷ್ಟ. ನಿನ್ನ ಹತ್ರ ಲೆನ್ಸ್ ಇದೆಯಲ್ಲ!"

ಲೆನ್ಸ್ ಇತ್ತು. ಕೈ ಇರಲಿಲ್ಲ. ಕುರ್ಚಿಯ ಮೇಲೆ ನಿಂತು ಮೇಲೆ ನೋಡುವಾಗ ಮೊಣಕೈ ಊರಲು ಜಾಗವಿಲ್ಲ. ಗಾಳಿ ಒಂದು ಕ್ಷಣ ನಿಲ್ಲುತ್ತದೆ, ನಾನು ಉಸಿರು ಹಿಡಿಯುತ್ತೇನೆ, ಒತ್ತುವಷ್ಟರಲ್ಲಿ ಕಾಯಿ ಅತ್ತ ವಾಲುತ್ತದೆ. ಎರಡು ದಿನದಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಹಸಿರು ಮಂಜು, ಹಸಿರು ಮಂಜು, ನನ್ನ ಹೆಬ್ಬೆರಳು, ಹಸಿರು ಮಂಜು. ನಾಲ್ಕೈದು ಚೊಕ್ಕವಾಗಿ ಬಂದಿದ್ದವು, ಅವುಗಳ ಬಾಯಲ್ಲಿ ಏನೂ ಇರಲಿಲ್ಲ. ಅದು ಹಸಿರು ಮಂಜಿಗಿಂತ ಕೆಟ್ಟದ್ದಾಗಿತ್ತು. ಸಿಲಿಯಾಳ ಕೈಲಿ ಕೊಂಬೆ ಹಿಡಿಸಿದೆ. ಅವಳು ನಗುತ್ತಾಳೆ, ನಕ್ಕರೆ ಕೊಂಬೆ ನಗುತ್ತದೆ. ಬಟ್ಟೆಯ ಕ್ಲಿಪ್ಪು ಹಾಕಿದೆ, ಕ್ಲಿಪ್ಪೂ ಕೊಂಬೆಯ ಜೊತೆಗೆ ತೂಗಾಡಿತು.

ಮೂರನೇ ದಿನ ಕುರ್ಚಿಯ ಮೇಲೆ ನಿಂತಿದ್ದಾಗ ಕೆಳಗೆ ಊರುಗೋಲಿನ ಸದ್ದು ಕೇಳಿತು.

"ಅದೇನು ದಿನವಿಡೀ ಟಿಕ್ ಟಿಕ್?" ಅತ್ತೆ ಕೇಳಿದರು.

ಮಲ್ಹಾ ಹೇಳಿದ್ದನ್ನು ಹೇಳಿದೆ. ಇದುವರೆಗೆ ರೆಕ್ಕೆ ಸಿಕ್ಕಿಲ್ಲವೆಂಬುದನ್ನೂ ಹೇಳಿದೆ.

"ಎಲ್ಲಿ ನೋಡ್ತಿದೀಯ?"

"ಇಲ್ಲಿ, ಕಿಟಕಿ ಕಟ್ಟಿದ್ದ ಕೊಂಬೇಲಿ."

"ಅಯ್ಯೋ ಹುಡುಗಿ! ಅವತ್ತು ಗಾಳಿ ಎಲ್ಲಿಂದ ಬೀಸ್ತಿತ್ತು? ಬೆಟ್ಟದ ಕಡೆಯಿಂದ. ಅವು ಗಾಳಿ ಜೊತೆ ಹೋಗ್ತಾವೆ, ಎದುರಿಗಲ್ಲ. ಅದಕ್ಕೇ ನಾನು ಯಾವಾಗಲೂ ಸರ ಬೆಟ್ಟದ ಬದಿಗೆ ಕಟ್ಟಿಸೋದು. ಕೆಳಗಿಳಿ. ಆ ಕಡೆ ಗೋಡೆ ಪಕ್ಕದ ಕೊಂಬೆಗೆ ಬಾ. ಅದು ನನಗೂ ಎಟುಕುತ್ತೆ."

ಗೋಡೆಯ ಪಕ್ಕದ ಕೊಂಬೆ ಅತ್ತೆಯ ಭುಜದೆತ್ತರಕ್ಕೆ ಬಾಗಿತ್ತು. ಅವರು ಊರುಗೋಲನ್ನು ಮರಕ್ಕೆ ಒರಗಿಸಿ, ಎರಡೂ ಕೈ ಚಾಚಿ, ಎಲೆಗಳ ನಡುವೆ ಒಂದು ಕಾಯಿಯ ತೊಟ್ಟನ್ನು ಹೆಬ್ಬೆರಳು ತೋರುಬೆರಳಿನಿಂದ ಹಿಡಿದರು. ಕೊಂಬೆ ನಿಂತುಬಿಟ್ಟಿತು. ಐವತ್ತು ವರ್ಷ ಸೂಜಿ ಹಿಡಿದ ಬೆರಳುಗಳು ಅವು, ಒಂದಿಷ್ಟೂ ನಡುಕವಿಲ್ಲ.

"ಯೆಮ್ಮಾ, ಉಸಿರು..."

"ನನ್ನ ಉಸಿರು ನಾನು ನೋಡ್ಕೋತೀನಿ. ನೀನು ನಿನ್ನದು ಹಿಡಿ."

ನಾನು ಅವರ ಕೈಯ ಮೇಲೇ ನನ್ನ ಕೈ ಊರಿದೆ. ಹಿಂದೆ, ಮುಂದೆ, ಮತ್ತೆ ಹಿಂದೆ. ಹಸಿರು ಮಂಜಿನೊಳಗಿಂದ ಕಾಯಿಯ ಬಾಯಿ ಮೇಲೆದ್ದು ಬಂತು. ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಪುಟ್ಟ ಹಾಳೆಗಳು. ಎರಡು ಹಾಳೆಗಳ ನಡುವೆ ಏನೋ ಮಿಂಚಿತು. ಒತ್ತಿದೆ.

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದೆ. ದೊಡ್ಡದು ಮಾಡಿ ನೋಡಿದೆ. ಮೂವತ್ತೆಂಟು ವರ್ಷದ ಹೆಂಗಸು, ಮಗಳ ಎದುರಿಗೆ ನಿಂತಲ್ಲೇ ಎರಡು ಸಲ ಹಾರಿದೆ.

"ಸಿಕ್ತಾ?" ಅತ್ತೆ ಕೇಳಿದರು. ಆ ಒಂದು ಮಾತಿನಲ್ಲಿ ಅವರ ದನಿ ಬೇರೆಯಾಗಿತ್ತು.

"ಒಳಗೆ ಬನ್ನಿ, ಯೆಮ್ಮಾ. ತೋರಿಸ್ತೀನಿ."

"ನನಗೇನು ಕಾಣುತ್ತೆ, ಪೊರೆ ಬಂದ ಕಣ್ಣಿಗೆ?"

"ಕಾಣುತ್ತೆ, ಬನ್ನಿ."

ಸಿಲಿಯಾ ಕ್ಯಾಮೆರಾಕ್ಕೂ ಟೀವಿಗೂ ತಂತಿ ಸಿಕ್ಕಿಸಿದಳು. ಅತ್ತೆಯ ಕುರ್ಚಿಯನ್ನು ಟೀವಿಗೆ ಒಂದು ಮೊಳ ದೂರದಲ್ಲಿ ಹಾಕಿದೆವು. ಮೊದಲು ಅಡುಗೆಮನೆಯಲ್ಲಿ ತೆಗೆದ ಕಣಜವನ್ನೇ ತೋರಿಸಿದೆ, ಯಾರನ್ನು ಹುಡುಕುತ್ತಿದ್ದೇವೆಂದು ಅವರಿಗೆ ಗೊತ್ತಾಗಲಿ ಎಂದು. ಪರದೆಯ ತುಂಬ ಕಪ್ಪು ತಲೆ, ಕೆಂಪು ಛಾಯೆಯ ಕಣ್ಣು, ಮೈಮೇಲೆ ಹಳದಿ ಪುಡಿ. ಅತ್ತೆ ಮುಂದೆ ಬಾಗಿದರು. ಅರವತ್ತು ವರ್ಷ ಇವುಗಳಿಗಾಗಿ ಸರ ಪೋಣಿಸಿದವರು, ಒಂದನ್ನೂ ಧೂಳಿನ ಚುಕ್ಕೆಗಿಂತ ದೊಡ್ಡದಾಗಿ ಕಂಡಿರಲಿಲ್ಲ.

"ಇವಳೇನಾ? ಇಷ್ಟು ಚೆಂದ ಇದ್ದಾಳಾ? ಹುಬ್ಬು ನೋಡು!"

"ಅದು ಹುಬ್ಬಲ್ಲ ಜೀದಾ, ಮೀಸೆ," ಎಂದು ಸಿಲಿಯಾ ಅಜ್ಜಿಯನ್ನು ತಿದ್ದಿದಳು.

"ಹೆಂಗಸಿಗೆ ಮೀಸೆ ಅನ್ನಬಾರದು. ಮುಂದಕ್ಕೆ ಹಾಕು."

ಕಾಯಿಯ ಬಾಯಿ ಬಂತು. ಹಸಿರು ಹಾಳೆಗಳ ಸಂದಿಯಲ್ಲಿ ಎರಡು ರೆಕ್ಕೆಗಳು, ಈರುಳ್ಳಿಯ ಒಳಸಿಪ್ಪೆಯಂತೆ ತೆಳ್ಳಗೆ, ಒಂದು ನೆಟ್ಟಗೆ ನಿಂತಿತ್ತು, ಇನ್ನೊಂದು ಮಡಿಸಿಕೊಂಡಿತ್ತು. ಚಿತ್ರದ ಅಂಚಿನಲ್ಲಿ ಅತ್ತೆಯ ಹೆಬ್ಬೆರಳಿನ ಗೆರೆಗಳು ನಮ್ಮ ಇಳಿಜಾರಿನ ಮೆಟ್ಟಿಲುಗದ್ದೆಗಳ ಹಾಗೆ ಹರಡಿದ್ದವು. ಅತ್ತೆ ಬೆರಳು ಚಾಚಿ ಪರದೆಯನ್ನು ಮುಟ್ಟಿದರು, ಸರಿಯಾಗಿ ರೆಕ್ಕೆಯ ಮೇಲೆ.

"ಶಾಲು ಹೊರಗೆ ಬಿಟ್ಟು ಒಳಗೆ ಹೋಗಿದ್ದಾಳೆ," ಎಂದರು ಮೆಲ್ಲಗೆ. "ತಿರುಗಿ ಬರೋ ಯೋಚನೆ ಇಲ್ಲ, ಪಾಪ."

ಆಮೇಲೆ ಕಣ್ಣೊರೆಸಿಕೊಂಡು, ಆ ಕೈಯಿಂದಲೇ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ನೋವಾಗುವಂಥ ಗುದ್ದು. ಮೂರು ದಿನದಿಂದ ನಾನು ಅದಕ್ಕೇ ಕಾಯುತ್ತಿದ್ದೆ.

"ಒಂದು ಕಾಯಿ ಆಯ್ತು. ಉಳಿದವು? ಗೋಡೆ ಪಕ್ಕದ ಕೊಂಬೇಲಿ ಮೂವತ್ತಾರಿವೆ, ನಾನು ತಡವಿ ಎಣಿಸಿದೀನಿ. ನಡಿ."

ಆ ಮಧ್ಯಾಹ್ನ ಅತ್ತೆ ತೊಟ್ಟು ಹಿಡಿದರು, ನಾನು ಉಸಿರು ಹಿಡಿದೆ, ಸಿಲಿಯಾ ಜರಡಿ ಹಿಡಿದಳು. ಮೂವತ್ತಾರರಲ್ಲಿ ಹತ್ತೊಂಬತ್ತಕ್ಕೆ ರೆಕ್ಕೆ ಸಿಕ್ಕಿತು. ಕಿಟಕಿ ಕಟ್ಟಿದ್ದ ಕೊಂಬೆಯಲ್ಲಿ ಬರೀ ಎರಡು. ಇಡೀ ಮರ ಉಳಿಯುವುದಿಲ್ಲ, ಅರ್ಧ ಮರ ಉಳಿಯುತ್ತದೆ ಎಂದು ಅತ್ತೆ ಲೆಕ್ಕ ಹಾಕಿದರು. ಅರ್ಧ ಮರವೆಂದರೂ ಮೂರು ಜನ ಹೆಂಗಸರಿಗೆ ಚಳಿಗಾಲವಿಡೀ ತಿನ್ನಲು ಸಾಕು, ಅಕ್ಲಿ ಇಳಿಜಾರಿನದನ್ನು ತಿನ್ನಲಿ ಎಂದರು. ಒಲೆಯ ಮೇಲಿಟ್ಟಿದ್ದ ಕಡಲೆ ತಳ ಹಿಡಿದು ವಾಸನೆ ಅಂಗಳಕ್ಕೆ ಬಂತು. ಯಾರೂ ಅಲುಗಾಡಲಿಲ್ಲ, ಇಪ್ಪತ್ತೇಳನೇ ಕಾಯಿಯ ಬಾಯಲ್ಲಿ ಏನೋ ಮಿನುಗುತ್ತಿತ್ತು.

ಗೋಡೆಯ ಮೇಲೆ ಘನೀಮಾಳ ತಲೆ ಮೂಡಿತು.

"ಮೂರೂ ಜನ ಸೇರಿ ಆ ಮರಕ್ಕೆ ಮದ್ದು ಅರೀತಿದೀರಾ? ಏನೋ ಸೀದ ವಾಸನೆ ಬೇರೆ."

ಅತ್ತೆ ತೊಟ್ಟನ್ನು ಬಿಡದೆ, ತಲೆಯನ್ನಷ್ಟೇ ಅವಳ ಕಡೆ ತಿರುಗಿಸಿದರು.

"ಸಂಜೆ ಬಾರೇ ಘನೀಮಾ, ಕಾಫಿಗೆ. ನನ್ನ ಅಂಜೂರ ಟೀವೀಲಿ ಬರ್ತಿದೆ."